ಹನ್ನೊಂದನೇ ತಾರೀಖಿನ ತೂಕ

ನಮ್ಮ ಮನೆಯಲ್ಲಿ ಬೆಳಗ್ಗೆ ಬೈಬಲ್ ಓದುವುದು ತಾರೀಖು ನೋಡಿಕೊಂಡು. ಅದರಲ್ಲಿ ಜ್ಞಾನೋಕ್ತಿಗಳು ಅನ್ನುವ ಬುದ್ಧಿಮಾತಿನ ಪುಸ್ತಕದಲ್ಲಿ 31 ಅಧ್ಯಾಯ ಇವೆ. ಇವತ್ತು ಎಷ್ಟನೇ ತಾರೀಖೋ ಅಷ್ಟನೇ ಅಧ್ಯಾಯ. ಹಾಡು, ಪ್ರಾರ್ಥನೆಗಳ ಪುಸ್ತಕದಲ್ಲಿ ಕೀರ್ತನೆಗಳು 150. ತಾರೀಖಿಗೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋದರೆ ದಿನಕ್ಕೆ ಐದು ಬರುತ್ತವೆ. ಅಮ್ಮನಿಗೆ ಈಗ ಕಣ್ಣು ಮಂಜು. ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕಾಫಿ ಲೋಟ ಹಿಡಿದು ಕೇಳುತ್ತಾರೆ.

ಡಿಸೆಂಬರ್ 11ಕ್ಕೆ ಬಂದದ್ದು 11, 41, 71, 101, 131. ಎಪ್ಪತ್ತೊಂದನ್ನು ಓದುವಾಗ ಅಮ್ಮ, "ಇನ್ನೊಂದ್ಸಲ ಓದಪ್ಪ" ಅಂದರು. ಮುಪ್ಪಿನಲ್ಲಿ ನನ್ನ ಕೈಬಿಡಬೇಡ ಎಂದು ದೇವರನ್ನು ಬೇಡುವ ಕೀರ್ತನೆ ಅದು. ಆಮೇಲೆ ಜ್ಞಾನೋಕ್ತಿ 11. ಮೊದಲ ವಚನವೇ ತಕ್ಕಡಿಯದು. ಮೋಸದ ತಕ್ಕಡಿ ದೇವರಿಗೆ ಅಸಹ್ಯ, ಸರಿಯಾದ ತೂಕ ಆತನಿಗೆ ಸಂತೋಷ.

ನಾನು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಅರೇಬಿಕಾ ಕುಯ್ಲು ಜೋರಾಗಿದ್ದ ಸಮಯ. ಹಣ್ಣು ಕುಯ್ದವರಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು. ಸಂಜೆ ಕಣದಲ್ಲಿ ತೂಕ ಹಾಕಿ ಬರೆದುಕೊಳ್ಳುವುದು ನನ್ನ ಕೆಲಸ.

ಅವತ್ತು ಮಧ್ಯಾಹ್ನ ಮಳೆ ಹೊಡೆಯಿತು. ಕುಯ್ಲಿನ ಹೊತ್ತಿನ ಮಳೆ ಯಾರಿಗೂ ಬೇಡ. ಹಣ್ಣು ಒಡೆಯುತ್ತದೆ, ಉದುರುತ್ತದೆ, ಕಣದಲ್ಲಿ ಒಣಗಲು ಹಾಕಿದ್ದೂ ನೆನೆಯುತ್ತದೆ. ಸಂಜೆ ಚೀಲಗಳು ಬಂದಾಗ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾವಾಗಲೂ ಚೀಲಕ್ಕೆ ಅಂತ ಒಂದು ಕೆ.ಜಿ. ಕಳೆಯುತ್ತೇವೆ. ಸಾಹುಕಾರರು ನೋಡಿ, "ರೈಟ್ರೇ, ಇವತ್ತು ಮೂರು ಕಳೀರಿ" ಅಂದರು. ಸಾಲಿನಲ್ಲಿ ಮುಂದಿದ್ದ ಅಕ್ಕ ತಲೆಗೆ ಸುತ್ತಿದ್ದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. "ಮೂರಾ? ಬೆಳಗ್ಗಿಂದ ಸೊಂಟ ಬಿದ್ದೋಗದೆ ರೈಟ್ರೇ" ಅಂದರು.

ಇಲ್ಲಿ ನನಗೆ ಬೆಳಗಿನ ವಚನ ನೆನಪಾಯಿತು. ಸರಿಯಾದ ತೂಕ ಅಂದರೆ ಬರೀ ಕೂಲಿಯವರ ಪರ ವಾದ ಮಾಡುವುದಲ್ಲ. ಮಳೆ ನೀರಿಗೆ ಸಾಹುಕಾರರು ಯಾಕೆ ದುಡ್ಡು ಕೊಡಬೇಕು? ಹಾಗಂತ ಅಂದಾಜಿಗೆ ಮೂರು ಕಳೆದರೆ ಅಕ್ಕನ ದುಡಿಮೆ ಹೋಗುತ್ತದೆ. ತಕ್ಕಡಿ ಇಬ್ಬರಿಗೂ ಒಂದೇ ಇರಬೇಕು. ನಾನು ಮೆಲ್ಲಗೆ, "ಸಾಹುಕಾರ್ರೇ, ಒಂದು ಚೀಲ ಸುರಿದು ನೋಡೋಣ್ವಾ?" ಅಂದೆ.

ಚೀಲ ತೂಗಿದೆವು. ಹಣ್ಣನ್ನು ಟಾರ್ಪಾಲಿನ ಮೇಲೆ ಹರಡಿ, ಒಂದು ತುದಿ ಎತ್ತಿ ನೀರು ಬಸಿದೆವು. ಬೇರೆ ಒಣ ಚೀಲಕ್ಕೆ ತುಂಬಿ, ಆ ಚೀಲದ ತೂಕ ಬಿಟ್ಟು ಲೆಕ್ಕ ಹಾಕಿದೆವು. ನೆನೆದ ಚೀಲ, ನೀರು ಎರಡೂ ಸೇರಿ ಎರಡು ಕೆ.ಜಿ.ಗೆ ಸ್ವಲ್ಪ ಕಮ್ಮಿ. ಸಾಹುಕಾರರು ಮುಳ್ಳನ್ನೇ ನೋಡುತ್ತಾ ನಿಂತಿದ್ದರು. "ಸರಿ, ಎರಡು ಬರ್ಕೊಳ್ಳಿ" ಅಂದರು. ಎಲ್ಲರಿಗೂ ಎರಡೇ ಕಳೆದೆ. ಕತ್ತಲಾಗುವವರೆಗೂ ತೂಕ ನಡೆಯಿತು.

ತಕ್ಕಡಿಯ ಮಾತು ಜ್ಞಾನೋಕ್ತಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 16ನೇ ಅಧ್ಯಾಯದಲ್ಲಿದೆ, 20ರಲ್ಲಿ ಎರಡು ಸಲ ಇದೆ. ಸಂತೆ, ತೂಕ, ಸಾಲ, ನಾಲಿಗೆ, ನಿದ್ದೆ, ನೆರೆಮನೆಯವರು, ಇವೆಲ್ಲ ದೇವರಿಗೆ ಸಂಬಂಧಪಟ್ಟ ವಿಷಯ ಅಂತ ಆ ಪುಸ್ತಕ ನಂಬುತ್ತದೆ. ನನಗೆ ಅದು ತುಂಬಾ ಇಷ್ಟ. ಆದರೆ ಅದೊಂದನ್ನೇ ಓದಿದರೆ ನಾನು ಬರೀ ಲೆಕ್ಕದ ಮನುಷ್ಯನಾಗಿಬಿಡುತ್ತೇನೆ ಅನ್ನಿಸುತ್ತದೆ. ಅತ್ತು ಕೇಳುವುದಕ್ಕೆ, ಜಗಳ ಆಡುವುದಕ್ಕೆ, ಸುಮ್ನೆ ಹಾಡುವುದಕ್ಕೆ ಕೀರ್ತನೆ ಬೇಕು. ಇಪ್ಪತ್ತೆಂಟನೇ ತಾರೀಖಿಗೆ ಬರುವ 88 ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ದುಃಖದಲ್ಲಿರುವವರ ಮನೆಗೆ ಹೋದಾಗ ನಾನು ಅದನ್ನೇ ಓದುತ್ತೇನೆ. ದೇವರ ಮುಂದೆ ಹೀಗೂ ಮಾತಾಡಬಹುದು ಅಂತ ಗೊತ್ತಾದರೆ ಅವರಿಗೆ ಎಷ್ಟೋ ಹಗುರ.

ತಾರೀಖು ನೋಡಿ ಓದುವುದು ಶಕುನ ಕೇಳುವುದಲ್ಲ. ಎಷ್ಟೋ ದಿನ ಓದಿದ್ದಕ್ಕೂ ತೋಟದ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ. ಆದರೂ ಓದುತ್ತೇವೆ. ಬೇಕಾದಾಗ ಹುಡುಕಲು ಹೊತ್ತಿರುವುದಿಲ್ಲ, ಮೊದಲೇ ಒಳಗಿರಬೇಕು.

ಶುರು ಮಾಡುವವರು ಒಂದನೇ ತಾರೀಖಿಗೆ ಕಾಯಬೇಡಿ, ಇವತ್ತಿನ ತಾರೀಖಿನಿಂದಲೇ ಹಿಡಿಯಿರಿ. 119ನೇ ಕೀರ್ತನೆಯಲ್ಲಿ 176 ವಚನ, ಇಪ್ಪತ್ತೊಂಬತ್ತಕ್ಕೆ ಅದು ಬಂದರೆ ಕೆಲಸಕ್ಕೆ ಹೊರಡುವವರಿಗೆ ಕಷ್ಟ. 31ಕ್ಕೆ ಈ ಲೆಕ್ಕದಲ್ಲಿ ಕೀರ್ತನೆ ಇರುವುದಿಲ್ಲ. ನಾವು 119ನ್ನು ಆ ದಿನಕ್ಕೆ ಇಟ್ಟುಕೊಂಡಿದ್ದೇವೆ.