ಬಾಕಿ ಕೇಳುವ ಪತ್ರ ಬರೆದ ದಿನ

ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ನಡೆಸುವವರಿಗೆ ಆರ್ಡರ್ ಹಿಡಿಯುವುದು ಒಂದು ಕಷ್ಟ. ಮಾಡಿಕೊಟ್ಟ ಕೆಲಸಕ್ಕೆ ದುಡ್ಡು ತರಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ. ನಾನು ಕೆಲಸ ಮಾಡುವ ಶಾಪ್‌ನಲ್ಲಿ ಸಿಎನ್‌ಸಿ ಲೇತ್‌ಗಳ ಮೇಲೆ ಬುಷ್, ಶಾಫ್ಟ್, ಫ್ಲಾಂಜ್ ಥರದ ಮಷೀನ್ ಬಿಡಿಭಾಗಗಳು ತಯಾರಾಗುತ್ತವೆ. ಬಿಲ್ಲು, ಚಲನ್, ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳಿಗೆ ಬರೆಯುವ ಪತ್ರ ಎಲ್ಲವೂ ನನ್ನ ಟೇಬಲ್ಲಿಗೆ ಸೇರಿದ್ದು. ಬಾಕಿ ಕೇಳುವುದೂ ನನ್ನದೇ ಕೆಲಸ.

ಬಾಕಿ ನಿಂತರೆ ನಮ್ಮಂಥವರಿಗೆ ಎರಡು ಕಡೆಯಿಂದ ಏಟು. ತಿಂಗಳ ರಿಟರ್ನ್ ಹಾಕುವವರು ಬಿಲ್ ಮಾಡಿದ ಮುಂದಿನ ತಿಂಗಳ 20ರೊಳಗೆ ಜಿಎಸ್‌ಟಿ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟಿದ್ದಾರಾ ಇಲ್ಲವಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಸರಕಿಗೆ 18%. ಅಂದರೆ ಕೈಗೆ ಬಾರದ ಹಣದ ಮೇಲೆ ತೆರಿಗೆಯನ್ನು ನಾವು ಮೊದಲೇ ಕಟ್ಟಿರುತ್ತೇವೆ. ಹುಡುಗರ ಸಂಬಳ, ಕರೆಂಟ್ ಬಿಲ್, ಕಬ್ಬಿಣದ ಅಂಗಡಿಯ ಲೆಕ್ಕ ಅದರ ಮೇಲೆ.

2025ರ ಫೆಬ್ರವರಿ 17, ಸೋಮವಾರ. ಬೊಮ್ಮಸಂದ್ರ ಕಡೆಯ ಒಂದು ಕಂಪನಿಯಿಂದ ಮೂರು ಬಿಲ್ ಬಾಕಿ ಇತ್ತು. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ನೋಡೋಣ" ಎನ್ನುವ ಉತ್ತರ. ಅವತ್ತು ಬೆಳಗ್ಗೆಯೂ ಅದೇ ಮಾತು ಕೇಳಿ ನಮ್ಮ ಮಾಲೀಕರಿಗೆ ತಡೆಯಲಾಗಲಿಲ್ಲ. ನೇರ ನನ್ನ ಟೇಬಲ್ ಹತ್ತಿರ ಬಂದು ನಿಂತರು.

"ಬರಿಯಮ್ಮ. ನೀವು ಮಾತು ತಪ್ಪಿದ್ದೀರಿ, ನಮ್ಮನ್ನು ಆಟ ಆಡಿಸ್ತಿದ್ದೀರಿ, ಇನ್ಮೇಲೆ ಲಾಯರ್ ನೋಟಿಸೇ ಬರತ್ತೆ ಅಂತ ಬರಿ."

ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಮೂವತ್ತು ವರ್ಷ ಮಷೀನ್ ಮುಂದೆ ನಿಂತು ಬೆಳೆಸಿದ ಶಾಪ್ ಅದು. ಆಮೇಲೆ ಕಂಪ್ಯೂಟರಿನಲ್ಲಿದ್ದ ಹಳೆಯ ರಿಮೈಂಡರ್ ತೆಗೆದು ಓದಿದೆ. ನಾನು ಸೇರುವ ಮುಂಚಿನಿಂದಲೂ ಅಲ್ಲಿದ್ದ ನಮೂನೆ ಅದು. ತಮ್ಮ ಅಮೂಲ್ಯ ಸಮಯದಲ್ಲಿ ನಮ್ಮ ಈ ಕೋರಿಕೆಯನ್ನು ದೊಡ್ಡ ಮನಸ್ಸಿನಿಂದ ಪರಿಗಣಿಸಿ, ಆದಷ್ಟು ಬೇಗ ಬಾಕಿ ಮೊತ್ತವನ್ನು ಬಿಡುಗಡೆ ಮಾಡಬೇಕೆಂದು ವಿನಮ್ರವಾಗಿ ಬೇಡಿಕೊಳ್ಳುತ್ತೇವೆ ಎಂಬ ಅರ್ಥದ ಒಂದು ಉದ್ದ ಇಂಗ್ಲಿಷ್ ವಾಕ್ಯ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಬೈಗುಳ, ಇನ್ನೊಂದರಲ್ಲಿ ಬೇಡುವ ದನಿ. ಎರಡರಲ್ಲೂ ಬಿಲ್ ನಂಬರ್ ಇಲ್ಲ, ಮೊತ್ತ ಇಲ್ಲ, ತಾರೀಖು ಇಲ್ಲ. ಬರೆಯುವವರ ಮನಸ್ಸಿನಲ್ಲಿ ಏನಿದೆ ಎಂದು ಎರಡೂ ಚೆನ್ನಾಗಿಯೇ ಹೇಳುತ್ತವೆ. ಓದುವವರು ಈಗ ಏನು ಮಾಡಬೇಕು ಎನ್ನುವುದು ಮಾತ್ರ ಎರಡರಲ್ಲೂ ಸಿಗುವುದಿಲ್ಲ.

ಬರೆಯುವ ಮುಂಚೆ ಆ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿ ಬಿಲ್ ನೋಡಿಕೊಳ್ಳುವವರು ನನ್ನ ಹಾಗೆಯೇ ಸಂಬಳಕ್ಕೆ ಕೆಲಸ ಮಾಡುವ ಹೆಣ್ಣುಮಗಳು. ಆಕೆ ಮುಚ್ಚುಮರೆ ಇಲ್ಲದೆ ಹೇಳಿದರು.

"ಮೇಡಂ, ನಾನು ಪೇಮೆಂಟ್ ಲಿಸ್ಟ್ ಮಾಡ್ತೀನಿ ಅಷ್ಟೇ. ಸೈನ್ ಹಾಕೋದು ಮ್ಯಾನೇಜರ್ರು. ದಿನಾ ಎಷ್ಟೊಂದು ಸಪ್ಲೈಯರ್ ಮೇಲ್ ಬರ್ತವೆ. ಪಿಓ (ಪರ್ಚೇಸ್ ಆರ್ಡರ್) ನಂಬರ್, ಬಿಲ್ ನಂಬರ್ ಒಂದೇ ಕಡೆ ಇದ್ರೆ ಅದನ್ನೇ ಅವರಿಗೆ ಫಾರ್ವರ್ಡ್ ಮಾಡ್ತೀನಿ. ಇಲ್ದಿದ್ರೆ ನಾನು ಕೂತು ಹುಡುಕ್ಬೇಕು. ಟೈಮ್ ಎಲ್ಲಿರುತ್ತೆ ಹೇಳಿ?"

ನನ್ನ ಬರವಣಿಗೆಗೆ ಒಂದು ದಾರಿ ಸಿಕ್ಕಿದ್ದೇ ಈ ಮಾತಿನಿಂದ. ನಾವು ಪತ್ರ ಬರೆಯುವುದು ದೊಡ್ಡವರ ಹೆಸರಿಗೆ. ಅದನ್ನು ಮೊದಲು ಓದುವವರು ಬೇರೆ ಯಾರೋ. ಅವರು ಅದನ್ನು ಇನ್ನೊಬ್ಬರ ಮುಂದೆ ಇಟ್ಟು "ಇದನ್ನು ಮಾಡಬಹುದು" ಎಂದು ಹೇಳಬೇಕು. ಹಾಗೆ ಹೇಳಲು ಬೇಕಾದದ್ದೆಲ್ಲ ಪತ್ರದೊಳಗೇ ಇರಬೇಕು. ಆಫೀಸಿನ ಬರವಣಿಗೆಯಲ್ಲಿ ಮರ್ಯಾದೆ ಅಂದರೆ ನನ್ನ ಮಟ್ಟಿಗೆ ಇದೇ. ಓದುವವರ ಕೆಲಸ ಹಗುರ ಮಾಡಿಕೊಡುವುದು.

ಸ್ಟೋರ್ಸ್ ನೋಡಿಕೊಳ್ಳುವ ಅಣ್ಣನ ಹತ್ತಿರ ಹೋಗಿ ಮೂರು ಲೋಡಿನ ಡೆಲಿವರಿ ಚಲನ್ ಕೇಳಿದೆ. ಆತ ತುಂಬ ಅಚ್ಚುಕಟ್ಟಿನ ಮನುಷ್ಯ. ಮೂರೂ ಚಲನ್ ಮೇಲೆ ಆ ಕಂಪನಿಯ ಗೇಟ್ ಸೀಲು, ತಾರೀಖು ಎರಡೂ ಇದ್ದವು. ನವೆಂಬರ್ 4, ನವೆಂಬರ್ 21, ಡಿಸೆಂಬರ್ 6. ಪಿಓದಲ್ಲಿ ಪಾವತಿಗೆ 45 ದಿನ ಎಂದು ಬರೆದಿತ್ತು.

ಡಿಸೆಂಬರ್ ಲೋಡಿನ ಮೇಲೆ ಒಂದು ತಕರಾರೂ ಇತ್ತು. ಜನವರಿ ಕೊನೆಯಲ್ಲಿ ಅವರ ಪರ್ಚೇಸ್‌ನವರು ಫೋನ್ ಮಾಡಿ, ಕೆಲವು ಬುಷ್‌ಗಳಲ್ಲಿ ಬೋರ್ (ಒಳಗಿನ ತೂತು) ಸೈಜ್ ಜಾಸ್ತಿ ಇದೆ ಎಂದಿದ್ದರು. ಬರೆದು ಏನೂ ಕಳಿಸಿರಲಿಲ್ಲ. ಇಲ್ಲಿ ಕಾನೂನು ಗೊತ್ತಿದ್ದರೆ ಒಳ್ಳೆಯದು. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಎಂಎಸ್‌ಎಂಇಡಿ ಕಾಯ್ದೆ ಇದೆ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಮಾಲು ಒಪ್ಪಿಕೊಂಡ ಹಾಗೆ ಎನ್ನುತ್ತದೆ ಅದು. ಬರೆದು ಮಾಡಿಕೊಂಡ ಒಪ್ಪಂದದಲ್ಲೂ ಪಾವತಿಗೆ 45 ದಿನಕ್ಕಿಂತ ಹೆಚ್ಚು ಗಡುವು ಇಡುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ ಮಾತ್ರ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆ ಫೆಬ್ರವರಿಯಲ್ಲಿ ಬ್ಯಾಂಕ್ ದರ 6.50% ಇತ್ತು. ಮೂರು ಪಟ್ಟು ಅಂದರೆ ವರ್ಷಕ್ಕೆ 19.5%.

ನನ್ನ ಓದು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ. ಕಚೇರಿಯ ಪತ್ರ ಇಂಗ್ಲಿಷ್‌ನಲ್ಲಿ ಹೋಗುತ್ತದೆ ನಿಜ. ಆದರೆ ನಾನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಏನು ಹೇಳಬೇಕು ಎನ್ನುವುದು ಆಗ ಸ್ಪಷ್ಟವಾಗುತ್ತದೆ. ನಮ್ಮ ಕಡೆಯಿಂದ ಕೆಲಸಕ್ಕೆ ಬರುವ ಎಷ್ಟೋ ಹುಡುಗ ಹುಡುಗಿಯರು ದೊಡ್ಡ ಇಂಗ್ಲಿಷ್ ಪದ ಹಾಕಿದರೇನೇ ಪ್ರೊಫೆಷನಲ್ ಎಂದುಕೊಂಡು ಹೆದರುತ್ತಾರೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ವ್ಯವಹಾರ ಪತ್ರದ ಚೌಕಟ್ಟು ಅವರೆಲ್ಲರ ಕೈಯಲ್ಲೇ ಇದೆಯಲ್ಲ. ಇಂದ, ಗೆ, ಮಾನ್ಯರೇ, ವಿಷಯ, ಉಲ್ಲೇಖ. ಸರ್ಕಾರಿ ಶೈಲಿ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಷಯ ಎನ್ನುವ ಒಂದು ಸಾಲು, ಉಲ್ಲೇಖ ಎನ್ನುವ ಇನ್ನೊಂದು ಸಾಲು ಸರಿಯಾಗಿದ್ದರೆ ಅರ್ಧ ಪತ್ರ ಮುಗಿದಂತೆ.

ಅವತ್ತಿನ ಕನ್ನಡ ಕರಡು ಹೀಗಿತ್ತು:

"ವಿಷಯ: ಮೂರು ಬಿಲ್‌ಗಳ ಬಾಕಿ ₹5,54,600, ಫೆಬ್ರವರಿ 28ರೊಳಗೆ ಪಾವತಿ ಕೋರಿ.

ಮಾನ್ಯರೇ, ಕೆಳಗಿನ ಮೂರು ಬಿಲ್‌ಗಳ ಪಾವತಿ ನಮಗೆ ಬಂದಿಲ್ಲ. ದಯವಿಟ್ಟು ಫೆಬ್ರವರಿ 28ರೊಳಗೆ ಪಾವತಿಸಿ.

ನವೆಂಬರ್ 4ರ ಬಿಲ್, ₹2,36,000, ಗಡುವು ಡಿಸೆಂಬರ್ 19, ಮೀರಿದ್ದು 60 ದಿನ.
ನವೆಂಬರ್ 21ರ ಬಿಲ್, ₹1,77,000, ಗಡುವು ಜನವರಿ 5, ಮೀರಿದ್ದು 43 ದಿನ.
ಡಿಸೆಂಬರ್ 6ರ ಬಿಲ್, ₹1,41,600, ಗಡುವು ಜನವರಿ 20, ಮೀರಿದ್ದು 28 ದಿನ.

ಪ್ರತಿ ಬಿಲ್ಲಿನ ನಂಬರ್, ಪಿಓ ನಂಬರ್, ನಿಮ್ಮ ಗೇಟ್ ಸೀಲ್ ಇರುವ ಚಲನ್ ಜೊತೆಯಲ್ಲಿವೆ. ಯಾವುದಾದರೂ ಬಿಲ್ ಬಗ್ಗೆ ತಕರಾರಿದ್ದರೆ ಪೀಸ್ ಸಂಖ್ಯೆ ಮತ್ತು ಅಳತೆ ಸಮೇತ ಬರೆದು ತಿಳಿಸಿ. ಉಳಿದ ಬಿಲ್‌ಗಳ ಪಾವತಿಯನ್ನು ಅದಕ್ಕಾಗಿ ತಡೆಯಬೇಡಿ."

ಮಾಲೀಕರು ಓದಿದರು. "ಇಷ್ಟು ಮೆತ್ತಗೆ ಬರೆದ್ರೆ ಕೊಡ್ತಾರೇನಮ್ಮ?"

"ಸರ್, 60 ದಿನ ಅಂತ ಬರೆದಿದ್ದೀನಲ್ಲ, ಅದಕ್ಕಿಂತ ಗಟ್ಟಿ ಮಾತು ಯಾವುದಿದೆ? ಮಾತು ತಪ್ಪಿದ್ದೀರಿ ಅಂದ್ರೆ ಅವರು ಜಗಳಕ್ಕೆ ಬರ್ತಾರೆ. 60 ದಿನ ಅಂದ್ರೆ ಲೆಕ್ಕ ನೋಡಲೇಬೇಕು."

ಅವರು ಸುಮ್ಮನೆ ಒಪ್ಪಲಿಲ್ಲ. ಇಬ್ಬರೂ ಕೂತು ಒಂದೊಂದೇ ಸಾಲು ನೋಡಿದೆವು. 'ತುಂಬಾ ದಿನದಿಂದ', 'ಎಷ್ಟೋ ಸಲ', 'ಬಹಳ ತೊಂದರೆ' ಎನ್ನುವ ಮಾತುಗಳು ಅವರ ಕಡೆಯಿಂದ ಬರುತ್ತಲೇ ಇದ್ದವು. ಪ್ರತಿಯೊಂದಕ್ಕೂ ತಾರೀಖೋ ಅಂಕಿಯೋ ಹುಡುಕಿದೆವು. ಸಿಕ್ಕಿದ್ದು ಉಳಿಯಿತು, ಸಿಗದಿದ್ದನ್ನು ಬಿಟ್ಟೆವು. ನಮ್ಮ ತೊಂದರೆಗೆ ಒಂದು ಅಂಕಿ ಸಿಕ್ಕಿತು. ಈ ಮೂರು ಬಿಲ್ ಮೇಲೆ ನಾವು ಆಗಲೇ ಕಟ್ಟಿದ್ದ ಜಿಎಸ್‌ಟಿ ₹84,600. ಆ ಅಂಕಿಯನ್ನು ಒಂದೇ ಸಾಲಿನಲ್ಲಿ ಸೇರಿಸಿದೆವು. ಬಹಳ ತೊಂದರೆಯಾಗಿದೆ ಎಂದು ಬೇರೆ ಹೇಳುವ ಅಗತ್ಯ ಉಳಿಯಲಿಲ್ಲ.

ಕಾನೂನಿನ ಮಾತನ್ನು ಎಲ್ಲಿ ಇಡಬೇಕು ಎಂಬ ಬಗ್ಗೆ ಜಾಸ್ತಿ ಚರ್ಚೆಯಾಯಿತು. ಮಾಲೀಕರಿಗೆ ಅದು ಮೊದಲ ಸಾಲಿನಲ್ಲೇ ಬೇಕಿತ್ತು. ನನಗೆ ಕೊನೆಯಲ್ಲಿ, ಬೆದರಿಕೆಯ ದನಿಯಿಲ್ಲದೆ ಇದ್ದರೆ ಸಾಕು ಅನಿಸಿತು. ಬಡ್ಡಿಯ ಕಲಂಗಿಂತ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ಹೆಚ್ಚು ಕೆಲಸ ಮಾಡುತ್ತದೆ ಎಂದೆ. 2023ರ ಹಣಕಾಸು ಕಾಯ್ದೆಯಲ್ಲಿ ಸೇರಿದ ನಿಯಮ ಅದು. ಮೈಕ್ರೋ ಅಥವಾ ಸ್ಮಾಲ್ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಂಡವರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆ ಖರ್ಚನ್ನು ಲೆಕ್ಕಕ್ಕೆ ತೋರಿಸಬಹುದು. ಅಂದರೆ ಮಾರ್ಚ್ 31 ದಾಟಿದರೆ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಸೇರುವುದಿಲ್ಲ. ಇದು ಅವರ ಫೈನಾನ್ಸ್ ಮ್ಯಾನೇಜರ್ ತಾವೇ ಯೋಚಿಸಬೇಕಾದ ವಿಷಯ. ಹಾಗಾಗಿ ಹೀಗೆ ಬರೆದೆವು: "ನಾವು ಉದ್ಯಮ್ ನೋಂದಣಿ ಇರುವ ಮೈಕ್ರೋ ಘಟಕ. ಪ್ರಮಾಣಪತ್ರ ಜೊತೆಗಿದೆ. ಮಾರ್ಚ್ 31ರ ಮುಂಚೆ ಪಾವತಿಯಾದರೆ ಈ ಖರ್ಚು ನಿಮ್ಮ ಈ ವರ್ಷದ ತೆರಿಗೆ ಲೆಕ್ಕಕ್ಕೆ ಸೇರುತ್ತದೆ." ಎಂಎಸ್‌ಎಂಇಡಿ ಕಾಯ್ದೆಯ 15 ಮತ್ತು 16ನೇ ಕಲಂಗಳನ್ನು ಅದರ ಕೆಳಗೆ ಬರೀ ಉಲ್ಲೇಖವಾಗಿ ಕೊಟ್ಟೆವು. ಸಣ್ಣ ಉದ್ಯಮಗಳ ಬಾಕಿ ದೂರಿಗೆಂದು ಸರ್ಕಾರ ಮಾಡಿದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿಯೂ ಇತ್ತು. ಅದನ್ನು ಈ ಪತ್ರದಲ್ಲಿ ಎತ್ತಲಿಲ್ಲ. ಮೊದಲ ಪತ್ರದಲ್ಲೇ ಎಲ್ಲವನ್ನೂ ಹೇಳಿಬಿಟ್ಟರೆ ಎರಡನೆಯದಕ್ಕೆ ಏನು ಉಳಿಯುತ್ತದೆ?

ಒಂದು ಸಾಲಿನಲ್ಲಿ ಮಾತ್ರ ಮಾಲೀಕರು ಪಟ್ಟು ಬಿಡಲಿಲ್ಲ. "ಮಾರ್ಚ್ ತಿಂಗಳ ಮಾಲು ಈ ಪಾವತಿ ಬಂದ ಮೇಲೆ ಕಳಿಸುತ್ತೇವೆ." ಅವರು ಹೇಳಿದ್ದು ಸರಿ ಎಂದು ನನಗೂ ಅನಿಸಿತು. ಹಣ ಬಾರದಿದ್ದರೆ ಮುಂದೆ ಏನಾಗುತ್ತದೆ ಎಂದು ತಿಳಿಸುವುದು ಪ್ರಾಮಾಣಿಕ ಬರವಣಿಗೆಯ ಭಾಗ. ಅಸಭ್ಯ ಏನೂ ಇಲ್ಲ ಅದರಲ್ಲಿ. ಆ ಸಾಲು ಹಾಗೇ ಕೊನೆಗೆ ಉಳಿಯಿತು.

ಇಂಗ್ಲಿಷ್‌ಗೆ ತರುವಾಗ ನಾನು ಇಟ್ಟುಕೊಂಡ ನಿಯಮ ಒಂದೇ. ಫೋನಿನಲ್ಲಿ ಆ ಅಕೌಂಟ್ಸ್ ಮೇಡಂಗೆ ಹೇಳಲಾಗದ ಪದವನ್ನು ಪತ್ರದಲ್ಲಿ ಹಾಕಬಾರದು. ಪತ್ರ ಒಂದು ಪುಟದೊಳಗೆ ಮುಗಿಯಿತು. ಮೇಲ್ ಕಳಿಸಿ, "ಮೂರು ಬಿಲ್ ಬಗ್ಗೆ ಮೇಲ್ ಕಳಿಸಿದ್ದೇನೆ ಮೇಡಂ, ಲಗತ್ತು ನಾಲ್ಕು ಇವೆ" ಎಂದು ಆಕೆಗೆ ಒಂದು ವಾಟ್ಸಾಪ್ ಹಾಕಿದೆ. ವಾಟ್ಸಾಪಿನಲ್ಲೇ ಎಲ್ಲ ವ್ಯವಹಾರ ಮಾಡುವುದು ಈಗ ಪೀಣ್ಯದಲ್ಲಿ ರೂಢಿ. ಕೈ ಮುಗಿಯುವ ಚಿತ್ರ ಹಾಕಿ "ಪೇಮೆಂಟ್ ಸರ್?" ಎಂದು ಕೇಳುತ್ತಾರೆ. ನೆನಪಿಸಲು ಅದು ಸಾಕು. ಆದರೆ ನಾಳೆ ಯಾರಾದರೂ ಫೈಲ್ ತೆಗೆದು ನೋಡಿದಾಗ ಸಿಗುವುದು ಮೇಲ್. ಹಣದ ಮಾತು ಅಲ್ಲೇ ಇರಬೇಕು.

ಮರುದಿನವೇ ಉತ್ತರ ಬಂತು. ನವೆಂಬರ್ 21ರ ಲೋಡಿಗೆ ಅವರ ಸ್ಟೋರ್ಸ್‌ನವರು ಜಿಆರ್‌ಎನ್ (ಮಾಲು ಬಂದು ತಲುಪಿದೆ ಎಂಬ ದಾಖಲೆ) ಮಾಡಿರಲೇ ಇಲ್ಲ. ನಾವು ಕಳಿಸಿದ ಚಲನ್ ನೋಡಿ ಆಮೇಲೆ ಮಾಡಿದರಂತೆ. ಜಿಆರ್‌ಎನ್ ಇಲ್ಲದೆ ಆ ಬಿಲ್ ಪೇಮೆಂಟ್ ಲಿಸ್ಟಿಗೆ ಹೋಗುವ ದಾರಿಯೇ ಇರಲಿಲ್ಲ. ಎಷ್ಟು ಸಿಟ್ಟು ಮಾಡಿದ್ದರೂ ಅಷ್ಟೇ. ನವೆಂಬರಿನ ಎರಡೂ ಬಿಲ್‌ಗಳ ಹಣ ಫೆಬ್ರವರಿ 28ರಂದು ಬ್ಯಾಂಕಿಗೆ ಬಂತು.

ಡಿಸೆಂಬರ್ ಬಿಲ್ಲಿಗೆ ಅವರು ಮೊದಲ ಸಲ ತಕರಾರನ್ನು ಬರೆದು ಕಳಿಸಿದರು. ನಾವು ಕೇಳಿದ ಹಾಗೆ ಪೀಸ್ ಸಂಖ್ಯೆ, ಬೋರ್ ಅಳತೆ ಎಲ್ಲ ಇತ್ತು. ಕಾನೂನಿನ 15 ದಿನ ಯಾವಾಗಲೋ ಮುಗಿದಿತ್ತು. ಅದನ್ನು ಹಿಡಿದು ನಿಲ್ಲಬಹುದಿತ್ತು. ಆದರೆ ನಮ್ಮ ಸೂಪರ್‌ವೈಸರ್ ಹೋಗಿ ಅಳೆದು ನೋಡಿದಾಗ ಕೆಲವು ಬುಷ್‌ಗಳು ನಿಜಕ್ಕೂ ಡ್ರಾಯಿಂಗ್ ಮಿತಿ ದಾಟಿದ್ದವು. ಮಾಲೀಕರು ಅಷ್ಟನ್ನು ವಾಪಸ್ ತೆಗೆದುಕೊಂಡು, ಬಿಲ್ಲಿನಿಂದ ಅದರ ಮೊತ್ತ ಕಳೆಯುವ ಕ್ರೆಡಿಟ್ ನೋಟ್ ಕೊಡಲು ಹೇಳಿದರು. ಆ ಪತ್ರ ಎರಡೇ ಸಾಲಿನದು. ವಾಪಸ್ ಬಂದ ಪೀಸ್ ಎಷ್ಟು, ಕಳೆದ ಮೊತ್ತ ಎಷ್ಟು, ಉಳಿದದ್ದು ಯಾವ ತಾರೀಖಿನೊಳಗೆ ಬೇಕು. ಮಾರ್ಚ್ ಮುಗಿಯುವ ಮುಂಚೆ ಅದೂ ಬಂತು. ಮಾರ್ಚ್ ಲೋಡ್ ಹೋದಾಗ ಚಲನ್ ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟನ್ನೂ ಮಾಲೀಕರೇ ಪಿನ್ ಮಾಡಿ ಕಳಿಸಿದರು.