ಹೆರೆದ ಕಾಯಿ ಬೇಡ

"ಹೆರೆದ ಕಾಯಿ ಹಾಕಿದ್ದು ಒಂದೂ ಬೇಡ" ಎಂದು ಪ್ರವಾಸದ ಬುತ್ತಿಯ ಮಾತು ಬಂದಾಗಲೇ ಅತ್ತೆ ಹೇಳಿಬಿಟ್ಟರು. ಮಾತು ಸಣ್ಣದು. ಆದರೆ ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಅಡುಗೆಮನೆಗೆ ಅದು ದೊಡ್ಡ ಸಂಕಟ. ಚಟ್ನಿಗೆ ಕಾಯಿ, ಪಲ್ಯಕ್ಕೆ ಕಾಯಿ, ಸಾಂಬಾರಿಗೆ ಹುರಿದ ಕಾಯಿ, ಕೊನೆಗೆ ಅವಲಕ್ಕಿಗೂ ಕಾಯಿ. ತೆಂಗಿನ ಸಂಶೋಧನೆಗೆಂದು 1916ರಲ್ಲೇ ಕೇಂದ್ರ ಶುರುವಾದ ಊರು ಕಾಸರಗೋಡು. ಇಲ್ಲಿಯವರಿಗೆ ಕಾಯಿ ಇಲ್ಲದೆ ಬುತ್ತಿ ಕಟ್ಟಿ ಅಂದ್ರೆ ಹೇಗೆ?

ಅತ್ತೆಯ ಈ ಕಟ್ಟಪ್ಪಣೆಗೆ ಕಾರಣ ಪೊಸಡಿಗುಂಪೆ. ಕಳೆದ ವರ್ಷ ಆ ಗುಡ್ಡ ಹತ್ತಲು ಹೋದಾಗ, ಬೆಳಿಗ್ಗೆ ಆರಕ್ಕೆ ರುಬ್ಬಿದ ಚಟ್ನಿಯನ್ನು ಹಬೆಯಾಡುವ ಕೊಟ್ಟಿಗೆಯ (ಎಲೆಯಲ್ಲಿ ಬೇಯಿಸಿದ ಕಡುಬು) ಪಕ್ಕದಲ್ಲೇ ಇಟ್ಟು ಒಯ್ದಿದ್ದೆ. ಹನ್ನೊಂದೂವರೆಗೆ ಮುಚ್ಚಳ ತೆಗೆದರೆ ಬುಸ್ ಎಂದಿತು. ತಪ್ಪು ನನ್ನದೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಅಂದ್ರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬೇಯಿಸಿದ ಅಡುಗೆಯನ್ನೇ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬಾರದು, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಅನ್ನುತ್ತಾರೆ. ಒಗ್ಗರಣೆ ಕೂಡ ಕಾಣದ ಹಸಿ ಕಾಯಿ ಚಟ್ನಿಯ ಪಾಡು ಕೇಳಬೇಕಾ? ಆ ದಿನ ಎಲ್ಲರೂ ಕೊಟ್ಟಿಗೆಗೆ ಉಪ್ಪಿನಕಾಯಿ ನಂಜಿಕೊಂಡು ಇಳಿದಿದ್ದೆವು.

ಈ ಸಲ ರಾಣಿಪುರದ ಬೆಟ್ಟ, ಅದೂ ರಾತ್ರಿ ಟೆಂಟಿನಲ್ಲಿ. ಹಾಗಾಗಿ ಹಿಂದಿನ ದಿನವೇ ಡಬ್ಬಗಳೆಲ್ಲ ಅಟ್ಟದಿಂದ ಇಳಿದವು. ಕೆಂಪು ಅವಲಕ್ಕಿ, ಹುರಿದ ನೆಲಗಡಲೆ, ಗೇರುಬೀಜ, ಓಲೆಬೆಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಮಾವಿನ ರಸದ ಮಾಂಬಳ ಮತ್ತು ಪುನರ್ಪುಳಿ (ಕೋಕಂ) ಸಿಪ್ಪೆ. ಗಂಜಿಗೆ ಕುಚ್ಚಲಕ್ಕಿ ನುಚ್ಚು, ಯಾಕೆಂದರೆ ಇಡೀ ಕುಚ್ಚಲಕ್ಕಿ ಬೇಯುವವರೆಗೆ ಮಕ್ಕಳು ನಮ್ಮನ್ನೇ ತಿಂದಾರು. ನೆನೆಸಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ಗೆಣಸು, ನೇಂದ್ರ ಬಾಳೆಹಣ್ಣು. ನೇಂದ್ರಕ್ಕೆ ಡಬ್ಬವೇ ಬೇಡ, ಸಿಪ್ಪೆಯೇ ಡಬ್ಬ. ತಟ್ಟೆಗೆ ಅಡಿಕೆ ಹಾಳೆ.

ಮುಳ್ಳೇರಿಯ ದಾಟಿ ಬಂದಡ್ಕದ ಹತ್ತಿರ ಮರದ ನೆರಳಲ್ಲಿ ಕಾರು ನಿಲ್ಲಿಸಿ ಕೊಟ್ಟಿಗೆ ಬಿಚ್ಚಿದೆವು, ಹುರಿಗಡಲೆ ಚಟ್ನಿಪುಡಿಯ ಜೊತೆ. ಮನೆ ಬಿಟ್ಟು ಒಂದೂವರೆ ಗಂಟೆಯೂ ಆಗಿರಲಿಲ್ಲ. "ಸಾಕಾ, ಗಡಿಯಾರ ನೋಡಿದ್ದು?" ಎಂದು ಇವರು ನಕ್ಕರು. ಕೋಳಿಚ್ಚಾಲ್, ಪಾಣತ್ತಡಿ, ಆಮೇಲೆ ಬರೀ ತಿರುವು. ಮಗಳು ಎರಡು ಸಲ ನಿಲ್ಲಿಸಲು ಹೇಳಿದಳು, ಒಂದು ಚೂರು ಶುಂಠಿ ಬೆಲ್ಲ ಬಾಯಿಗೆ ಹಾಕಿದೆ, ಸುಮ್ಮನಾದಳು.

ರಾಣಿಪುರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹಳೆ ಹೆಸರು ಮಾಡತ್ತುಮಲ. ಬೆಟ್ಟದಾಚೆ ನಮ್ಮ ಕೊಡಗು. ಟೆಂಟ್ ಹಾಕಿದ್ದು ಕಾಡಿನೊಳಗಲ್ಲ, ಕೆಳಗೆ ಅತಿಥಿಗಳನ್ನು ಇಟ್ಟುಕೊಳ್ಳುವ ಒಂದು ಮನೆಯ ಅಂಗಳದಲ್ಲಿ. ಮನೆಯ ಚೇಚಿಗೆ, ಅಂದ್ರೆ ಅಲ್ಲಿಯ ಅಕ್ಕನಿಗೆ, ಕನ್ನಡ ಬಾರದು. ಅತ್ತೆಯ ಮಲಯಾಳ ಸಂತೆಗೆ ಸಾಕಾಗುವಷ್ಟು. ಹತ್ತು ನಿಮಿಷದಲ್ಲಿ ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು.

ಸಂಜೆ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಮೊದಲು ನೀರು, ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಇಳಿಸಿದೆ. ಅಷ್ಟರಲ್ಲಿ ಬಟ್ಟೆಯಲ್ಲಿದ್ದ ಹೆಸರು ಮೊಳಕೆ ಬಿಟ್ಟಿತ್ತು. ಮಗ ಹಾಗೇ ಬಾಯಿಗೆ ಹಾಕಲು ಹೊರಟ. ತಡೆದೆ. ಕಾಳು ಮೊಳೆಯುವ ಆ ಬೆಚ್ಚಗಿನ ತೇವದಲ್ಲೇ ರೋಗಾಣುಗಳೂ ಬೆಳೆಯುತ್ತವೆ, ಹಬೆಯಲ್ಲಿ ಬೇಯಿಸಿಯೇ ಕೊಟ್ಟೆ. ಉಪ್ಪು, ಲಿಂಬೆ, ಒಂದು ಹಸಿಮೆಣಸು. ನುಚ್ಚಿನ ಗಂಜಿಗೆ ಅದೇ ಪಲ್ಯ. ಕೆಂಡದೊಳಗೆ ಸಿಪ್ಪೆ ಸಮೇತ ಹೂತಿಟ್ಟ ನೇಂದ್ರ ಮಾತ್ರ ಆ ರಾತ್ರಿಯ ರಾಜ. ಸಿಪ್ಪೆ ಕಪ್ಪಾಗಿ ಸೀಳಿತು, ಒಳಗಿನ ಹಣ್ಣು ಜೇನಿನಂತೆ ಒಸರಿತು. ಮನೆಯಲ್ಲಿ ಹಣ್ಣು ಕಂಡರೆ ಓಡುವ ಮಗಳು ಎರಡು ತಿಂದಳು.

ಮರುದಿನ ಬೆಟ್ಟ. ದಟ್ಟ ಕಾಡು ಮುಗಿದು ಹುಲ್ಲುಗಾವಲು ತೆರೆದಾಗ ಎಲ್ಲರೂ ಒಮ್ಮೆ ನಿಂತೆವು. ಮಳೆಗಾಲದಲ್ಲಾದರೆ ಇಲ್ಲಿ ಜಿಗಣೆಗಳ ಕಾಟ, ಡಿಸೆಂಬರಿನಲ್ಲಿ ಪುಣ್ಯಕ್ಕೆ ಇರಲಿಲ್ಲ. ಅರ್ಧ ದಾರಿಯಲ್ಲಿ ಮಗ ನೀರು ನೀರು ಎಂದು ಜೀವ ತಿಂದ. ನೋಡಿದರೆ ಜೇಬಿನಲ್ಲಿ ನೇಂದ್ರದ ಚಿಪ್ಸ್! ಎಲ್ಲಿಂದ ತಂದನೋ. ನನಗೂ ಚಿಪ್ಸ್ ಇಷ್ಟವೇ. ಆದರೆ ಬೆವರು ಸುರಿಸುತ್ತಾ ಹತ್ತುವಾಗ ಅದರ ಉಪ್ಪು ಬಾಯಾರಿಕೆಗೆ ಕೀಲಿ ಕೊಟ್ಟಂತೆ. ಬೆಲ್ಲ ಹಾಕಿ ತಂದಿದ್ದ ಪುನರ್ಪುಳಿ ನೀರಿನಲ್ಲಿ ಅರ್ಧ ಅವನೇ ಮುಗಿಸಿದ. ಮೇಲೆ ಗಾಳಿಗೆ ಕೂತು ಉಳಿದವರು ಗೇರುಬೀಜ, ಮಾಂಬಳ ಜಗಿದೆವು.

ಇಳಿದು ಬಂದಾಗ ಹಸಿವಿಗೆ ಕಣ್ಣು ಕತ್ತಲೆ. ಅತ್ತೆ ನಮ್ಮ ಜೊತೆ ಬೆಟ್ಟ ಹತ್ತಿರಲಿಲ್ಲ. ಚೇಚಿಯ ಜಗಲಿಯಲ್ಲಿ ಹೆರೆಮಣೆಯ ಮೇಲೆ ಕೂತು, ಸರಸರ ಕಾಯಿ ಹೆರೆಯುತ್ತಿದ್ದರು. ಪಕ್ಕದಲ್ಲಿ ನಮ್ಮದೇ ಕೆಂಪು ಅವಲಕ್ಕಿ, ಬೆಲ್ಲ ಪುಡಿ ಮಾಡಿಟ್ಟದ್ದು.

"ಕಾಯಿ ಬೇಡ ಅಂದವರು ನೀವೇ ಅಲ್ವಾ ಅತ್ತೆ?"

"ಹೆರೆದದ್ದು ಬೇಡ ಅಂದೆ. ಇಡೀ ಕಾಯಿ ಬೇಡ ಅಂದೆನಾ?" ತಲೆ ಎತ್ತದೆಯೇ ಅಂದರು. "ನನ್ನ ಸೀರೆಯ ಚೀಲದಲ್ಲಿ ಎರಡಿತ್ತು. ಇನ್ನೊಂದು ಚೇಚಿಗೆ ಕೊಟ್ಟೆ."