1,32,000 ಕಿಲೋಮೀಟರ್ ಓಡಿದ ಕಾರು

ಅಪ್ಪನ ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರನ್ನು ನಮ್ಮ ತಗ್ಗಾದ ಹಳೆಯ ಕಾರಿನೊಳಗೆ ಕೂರಿಸುವುದು, ಮತ್ತೆ ಎಬ್ಬಿಸಿ ಇಳಿಸುವುದು ಮನೆಯವರಿಗೆಲ್ಲ ಆತಂಕದ ಕೆಲಸವಾಗಿತ್ತು. ಸೀಟು ತಗ್ಗಿನಲ್ಲಿದ್ದರೆ ಕೂರುವಾಗಲೂ ಏಳುವಾಗಲೂ ದೇಹದ ಭಾರವೆಲ್ಲ ಬಗ್ಗಿದ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಸೀಟು ಸೊಂಟದ ಮಟ್ಟಕ್ಕೆ ಹತ್ತಿರವಿದ್ದರೆ ಕುರ್ಚಿಯಲ್ಲಿ ಕೂರುವಂತೆ ಪಕ್ಕಕ್ಕೆ ಜರುಗಿ ಕೂರಬಹುದು. ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು ಸೇರಿ ಆರು ಮಂದಿ ತಿಂಗಳಿಗೆ ಎರಡು ಬಾರಿ ತಂಗಿಯ ಮನೆಗೆ ಹೋಗಿ ಬರಬೇಕು, ಒಂದು ಸಲಕ್ಕೆ ಹೋಗಿ ಬರುವ ದಾರಿಯೇ 400 ಕಿ.ಮೀ. ಮೂರು ಸಾಲಿನ ಎಸ್‌ಯುವಿ ಬೇಕೆಂಬುದು ಹೀಗೆ ತಾನಾಗಿಯೇ ತೀರ್ಮಾನವಾಯಿತು. ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲವಾದ್ದರಿಂದ ಸೆಕೆಂಡ್ ಹ್ಯಾಂಡ್ ಎಂಬುದೂ ತೀರ್ಮಾನವಾಯಿತು. ತೀರ್ಮಾನವಾಗದೆ ಉಳಿದದ್ದು, ಕಡಿಮೆ ಓಡಿದ ಕಾರಿಗೆ ಹೆಚ್ಚು ಹಣ ಕೊಡಬೇಕೋ, ಹೆಚ್ಚು ಓಡಿದ ಕಾರನ್ನು ಕಡಿಮೆ ಹಣಕ್ಕೆ ತಂದು ಉಳಿದದ್ದನ್ನು ರಿಪೇರಿಗೆ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆ.

ಇಂಧನದ ಲೆಕ್ಕವನ್ನು ನನ್ನ ಹೆಂಡತಿ ಮೊದಲೇ ಮಾಡಿ ಮುಗಿಸಿದ್ದಳು. ನಮ್ಮ ಓಡಾಟ ವರ್ಷಕ್ಕೆ ಸುಮಾರು 12,000 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ ವರ್ಷಕ್ಕೆ 1,200 ಲೀಟರ್ ಕುಡಿದರೆ, 14 ಕೊಡುವುದು 857 ಲೀಟರ್ ಕುಡಿಯುತ್ತದೆ, ಅಂದರೆ 343 ಲೀಟರ್ ಉಳಿತಾಯ. ಅದೇ 14ರಿಂದ 18ಕ್ಕೆ ಏರಿದರೆ ಮತ್ತೆ ಅದೇ 4 ಕಿ.ಮೀ. ಹೆಚ್ಚಾದರೂ ಉಳಿಯುವುದು 190 ಲೀಟರ್ ಮಾತ್ರ. ಮೈಲೇಜ್ ಮೇಲೇರಿದಂತೆ ಒಂದೊಂದು ಹೆಚ್ಚುವರಿ ಕಿಲೋಮೀಟರಿನಿಂದ ಸಿಗುವ ಲಾಭ ಇಳಿಯುತ್ತಾ ಹೋಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. 18 ಕೊಡುತ್ತದೆಂದು ಗೆಳೆಯರು ಹೊಗಳುತ್ತಿದ್ದ ಸಣ್ಣ ಎಸ್‌ಯುವಿಯಲ್ಲಿ ಅಪ್ಪನ ಕಾಲು ಚಾಚಲು ಜಾಗವೂ ಇರಲಿಲ್ಲ, ಬೆಲೆಯೂ ಹೆಚ್ಚು. ಅದನ್ನು ನಾವು ಅಲ್ಲಿಗೇ ಕೈಬಿಟ್ಟೆವು. ಕೊನೆಗೆ ಒಂದೇ ಮಾದರಿಯ, ಒಂದೇ ಡೀಸೆಲ್ ಎಂಜಿನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಎರಡು ಕಾರುಗಳು ಉಳಿದವು. ಒಂದಕ್ಕೆ 8 ವರ್ಷ, ಓಡಿದ್ದು 46,000 ಕಿ.ಮೀ. ಇನ್ನೊಂದಕ್ಕೆ 6 ವರ್ಷ, ಓಡಿದ್ದು 1,32,000 ಕಿ.ಮೀ. ಮೊದಲನೆಯದರ ಬೆಲೆಯನ್ನು 100 ಎಂದಿಟ್ಟುಕೊಂಡರೆ ಎರಡನೆಯದರ ಬೆಲೆ 70. ಇವೆರಡನ್ನೂ, ಜೊತೆಗೆ ಒಂದು ಪೆಟ್ರೋಲ್ ಗಾಡಿಯನ್ನೂ ಒಂದೇ ದಿನ ನೋಡಿಬರುವುದೆಂದು ನಿಶ್ಚಯಿಸಿ, ನಮ್ಮ ಹಳೆಯ ಕಾರನ್ನು ವರ್ಷಗಳಿಂದ ನೋಡಿಕೊಂಡು ಬಂದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಬರುವಂತೆ ಕೇಳಿಕೊಂಡೆ.

ಮನಸ್ಸಿನಲ್ಲಿ ನಾನು ಮೊದಲನೆಯದನ್ನು ಆಗಲೇ ಕೊಂಡಾಗಿತ್ತು. 46,000 ಎಂಬ ಸಂಖ್ಯೆಗೆ ಅಂಥ ಸೆಳೆತವಿತ್ತು. ಬಣ್ಣ ಮಾಸಿರಲಿಲ್ಲ, ಒಳಗಿನ ಸೀಟುಗಳು ಹೊಸದರಂತೆಯೇ ಇದ್ದವು. ಮೀಟರ್ ತಿರುಗಿಸಿರಬಹುದೇ ಎಂಬ ಸಂಶಯದಿಂದ ಮೆಕ್ಯಾನಿಕ್ ಬ್ರೇಕ್ ಪೆಡಲ್‌ನ ರಬ್ಬರ್, ಸ್ಟಿಯರಿಂಗ್‌ನ ಹೊಳಪು, ಚಾಲಕನ ಸೀಟಿನ ಹೊರ ಅಂಚು ಇವನ್ನೆಲ್ಲ ಮುಟ್ಟಿ ನೋಡಿದರು. ಸಾವಿರಾರು ಸಲ ಹತ್ತಿ ಇಳಿದ ಕಾರಿನಲ್ಲಿ ಆ ಅಂಚು ಕುಸಿದಿರುತ್ತದೆ, ಇಲ್ಲಿ ಗಟ್ಟಿಯಾಗಿಯೇ ಇತ್ತು. ಸಂಖ್ಯೆ ನಿಜವೆಂದು ಅವರೇ ಹೇಳಿದಾಗ ನನಗೆ ಸಮಾಧಾನವಾಯಿತು. ಆದರೆ ಬಾನೆಟ್ ಮೇಲೆ ಕೈಯಿಟ್ಟ ಅವರು, ಎಂಜಿನ್ ಆಗಲೇ ಬಿಸಿಯಾಗಿದೆಯಲ್ಲ ಎಂದು ಮಾಲೀಕರನ್ನು ಕೇಳಿದರು. ತಣ್ಣಗಿರುವ ಎಂಜಿನ್ ಮೊದಲ ಸಲ ಚಾಲೂ ಆಗುವಾಗಿನ ಸದ್ದು ಮತ್ತು ಹೊಗೆಯಿಂದ ತಿಳಿಯುವ ಸಂಗತಿಗಳು ಬಿಸಿಯಾದ ಮೇಲೆ ಅಡಗಿಬಿಡುತ್ತವೆ. ಆದ್ದರಿಂದಲೇ ನಾವು ಬರುವ ಮೊದಲು ಚಾಲೂ ಮಾಡಬೇಡಿರೆಂದು ಹಿಂದಿನ ದಿನವೇ ಕೇಳಿಕೊಂಡಿದ್ದೆವು. ಮಾಲೀಕರು ಏನನ್ನೂ ಮುಚ್ಚಿಡಲಿಲ್ಲ. ನಿವೃತ್ತರಾದ ಮೇಲೆ ಒಂದು ವರ್ಷದಿಂದ ಕಾರು ಹೆಚ್ಚಾಗಿ ನಿಂತೇ ಇದೆ, ಬ್ಯಾಟರಿ ಇಳಿದುಹೋಗಿತ್ತು, ಬೆಳಿಗ್ಗೆ ಬೇರೆ ಗಾಡಿಯಿಂದ ಕೇಬಲ್ ಹಾಕಿ ಚಾಲೂ ಮಾಡಬೇಕಾಯಿತು ಎಂದರು. ಅದಕ್ಕೂ ಹಿಂದಿನ ಏಳು ವರ್ಷ ಮನೆಯಿಂದ ಕಚೇರಿಗೆ 8 ಕಿ.ಮೀ., ಸಂಜೆ ಮರಳಿ 8 ಕಿ.ಮೀ. ಹೆಚ್ಚಾಗಿ ಇದೇ ಅದರ ಓಡಾಟವಾಗಿತ್ತಂತೆ. ದಟ್ಟಣೆಯಿಂದಾಗಿ ಆ 8 ಕಿ.ಮೀ.ಗೆ 25 ನಿಮಿಷ ಹಿಡಿಯುತ್ತಿತ್ತೆಂದೂ ಹೇಳಿದರು.

ಮೆಕ್ಯಾನಿಕ್ ಈ ಮಾತನ್ನು ಹಿಡಿದುಕೊಂಡರು. "ಸರ್, 25 ನಿಮಿಷಕ್ಕೆ 8 ಅಂದರೆ ಗಂಟೆಗೆ 19 ಆಯ್ತು. 46,000ವನ್ನು 19ರಿಂದ ಭಾಗಿಸಿ ನೋಡಿ" ಎಂದರು. ಫೋನಿನಲ್ಲಿ ಲೆಕ್ಕ ಹಾಕಿದೆ. ಎಂಜಿನ್ ತಿರುಗಿದ್ದು ಸುಮಾರು 2,400 ಗಂಟೆ. ಆಗ ಆ ಅಂಕಿಯಿಂದ ನನಗೇನೂ ಅರ್ಥವಾಗಲಿಲ್ಲ, ಸುಮ್ಮನೆ ಬರೆದಿಟ್ಟುಕೊಂಡೆ.

ಅವರು ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದಾಗ ದೋಷದ ಕೋಡ್ ಒಂದೂ ಕಾಣಲಿಲ್ಲ, ಆದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹಲವು ಹಂತಗಳು ಅಪೂರ್ಣವೆಂದು ತೋರಿಸಿತು. ಬ್ಯಾಟರಿ ಪೂರ್ತಿ ಇಳಿದಾಗ ಅಥವಾ ಕೋಡ್‌ಗಳನ್ನು ಅಳಿಸಿದಾಗ ಹೀಗಾಗುತ್ತದೆ. ಮತ್ತೆ ಒಂದಷ್ಟು ದೂರ ಬಗೆಬಗೆಯ ವೇಗಗಳಲ್ಲಿ ಓಡಿಸಿದ ಮೇಲಷ್ಟೇ ಆ ಪರೀಕ್ಷೆಗಳು ಪೂರ್ಣಗೊಳ್ಳುವುದರಿಂದ, ಅಲ್ಲಿಯವರೆಗೆ "ಕೋಡ್ ಇಲ್ಲ" ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಹೆಚ್ಚು ಚಿಂತೆಗೀಡುಮಾಡಿದ್ದು ಡೀಸೆಲ್ ಮಸಿಯನ್ನು ಹಿಡಿದಿಡುವ ಫಿಲ್ಟರ್. ಹೊಗೆಯ ಮಸಿ ಅದರಲ್ಲಿ ಶೇಖರವಾಗುತ್ತದೆ, ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಸುಟ್ಟು ಫಿಲ್ಟರ್ ಶುದ್ಧವಾಗುತ್ತದೆ. ಈ ಕೆಲಸ ಮುಗಿಯಲು ಗಾಡಿ ಕೆಲವು ನಿಮಿಷಗಳ ಕಾಲ ಒಂದೇ ಸಮನೆ ಓಡುತ್ತಿರಬೇಕು. ದಿನವೂ 8 ಕಿ.ಮೀ. ನಿಂತು ನಿಂತು ಹೋಗುವ ಗಾಡಿಯಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ; ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್‌ನಲ್ಲಿ ಒಂದಷ್ಟು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಸ್ಕ್ಯಾನರಿನಲ್ಲಿ ಮಸಿಯ ಮಟ್ಟ ಮೇಲಕ್ಕೇ ಇತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಗರಿಷ್ಠ ಗೆರೆಯನ್ನು ದಾಟಿತ್ತು. ಕೊನೆಯ ಸಲ ಆಯಿಲ್ ಬದಲಾಯಿಸಿ 14 ತಿಂಗಳಾಗಿತ್ತು, ಏಕೆಂದರೆ ಅಷ್ಟು ಕಿಲೋಮೀಟರ್ ಓಡಿರಲೇ ಇಲ್ಲ.

ಟೈರುಗಳ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನು, ಉಳಿದೆರಡು ವರ್ಷವನ್ನು ಸೂಚಿಸುತ್ತವೆ. ಆ ಕಾರಿನ ನಾಲ್ಕು ಟೈರುಗಳೂ ಕಾರಿನಷ್ಟೇ ಹಳೆಯವು. ಪಟ್ಟೆಗಳು ಆಳವಾಗಿಯೇ ಇದ್ದರೂ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಟೈಮಿಂಗ್ ಬೆಲ್ಟನ್ನು 1,20,000 ಕಿ.ಮೀ. ಅಥವಾ 8 ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಬದಲಾಯಿಸಬೇಕೆಂದು ಆ ಮಾದರಿಯ ಕೈಪಿಡಿಯಲ್ಲಿದೆ. ಕಿಲೋಮೀಟರ್ ಅರ್ಧಕ್ಕೂ ಬಂದಿಲ್ಲವೆಂದು ಮಾಲೀಕರು ಬೆಲ್ಟಿನ ಯೋಚನೆಯನ್ನೇ ಮಾಡಿರಲಿಲ್ಲ, ವರ್ಷಗಳು ಮಾತ್ರ ತುಂಬಿದ್ದವು. ಅಂಥ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಇಡೀ ಕುಟುಂಬವನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿರುವಾಗ ಹಾಗಾಗುವುದನ್ನು ನೆನೆದೇ ನನ್ನ ಉತ್ಸಾಹ ಇಳಿಯಿತು. ಮಾಲೀಕರು ಕಾರನ್ನು ಪ್ರೀತಿಯಿಂದಲೇ ಇಟ್ಟುಕೊಂಡಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ.

ಮಧ್ಯಾಹ್ನ ನೋಡಿದ ಪೆಟ್ರೋಲ್ ಗಾಡಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಸುರುಳಿಯ ಒಳಭಾಗದಲ್ಲಿ ಕೆಸರಿನ ಒಣ ಗೆರೆ ಕಂಡಿತು. ನೀರಿನಲ್ಲಿ ಮುಳುಗಿದ್ದ ಕಾರನ್ನು ಹೊರಗಿನಿಂದ ಎಷ್ಟೇ ತೊಳೆದರೂ ಬೆಲ್ಟಿನ ಆ ಕೊನೆಯನ್ನು ತೊಳೆಯುವವರು ಕಡಿಮೆ. ಹತ್ತು ನಿಮಿಷದಲ್ಲಿ ಅಲ್ಲಿಂದ ಹೊರಟೆವು.

ಎರಡನೆಯ ಡೀಸೆಲ್ ಕಾರಿನ ಬಳಿ ಹೋಗುವಾಗ ಸಂಜೆಯಾಗುತ್ತಾ ಬಂದಿತ್ತು. ಮುಂಭಾಗದಲ್ಲಿ ಕಲ್ಲು ಸಿಡಿದ ಚುಕ್ಕೆಗಳು, ಸವೆದು ನುಣುಪಾದ ಸ್ಟಿಯರಿಂಗ್, ಕುಸಿದ ಸೀಟಿನ ಅಂಚು, ಹೀಗೆ ಎಲ್ಲವೂ 1,32,000ವನ್ನು ಒಪ್ಪಿಕೊಳ್ಳುತ್ತಿದ್ದವು. ಬಾನೆಟ್ ತಣ್ಣಗಿತ್ತು. ಎಂಜಿನ್ ಒಂದೇ ಯತ್ನಕ್ಕೆ ಚಾಲೂ ಆಯಿತು, ಕೆಲವೇ ಕ್ಷಣಗಳಲ್ಲಿ ಸದ್ದು ಸಮವಾಯಿತು, ಆಯಿಲ್ ಸುಡುತ್ತಿರುವುದನ್ನು ಸೂಚಿಸುವ ನೀಲಿ ಹೊಗೆ ಸೈಲೆನ್ಸರಿನಲ್ಲಿ ಇರಲಿಲ್ಲ. ಅದನ್ನು ಮಾರುತ್ತಿದ್ದವರು ಕೆಲಸದ ನಿಮಿತ್ತ ಊರೂರು ಸುತ್ತುವವರು, ದಿನಕ್ಕೆ ಸರಾಸರಿ 60 ಕಿ.ಮೀ., ಬಹುಪಾಲು ಹೆದ್ದಾರಿ. ಡ್ಯಾಶ್‌ಬೋರ್ಡಿನಲ್ಲಿ ದೀರ್ಘಾವಧಿಯ ಸರಾಸರಿ ವೇಗ ಗಂಟೆಗೆ 55 ಎಂದು ಕಂಡಾಗ ಬೆಳಗಿನ ಲೆಕ್ಕ ನೆನಪಾಗಿ 1,32,000ವನ್ನು 55ರಿಂದ ಭಾಗಿಸಿದೆ. ಉತ್ತರ ಮತ್ತೆ 2,400 ಗಂಟೆ.

ಆ ಎರಡು ಅಂಕಿಗಳನ್ನು ಒಂದರ ಕೆಳಗೊಂದು ನೋಡಿದ ಮೇಲೆ ಬೆಳಗಿನಿಂದ ನನ್ನ ತಲೆಯಲ್ಲಿದ್ದ ಹೋಲಿಕೆ ಉಳಿಯಲಿಲ್ಲ. ಒಂದು ಕಾರು ಇನ್ನೊಂದರ ಸುಮಾರು ಮೂರು ಪಟ್ಟು ದೂರ ಓಡಿದೆ, ಆದರೆ ಎರಡರ ಎಂಜಿನ್‌ಗಳೂ ತಿರುಗಿದ ಹೊತ್ತು ಹೆಚ್ಚುಕಡಿಮೆ ಒಂದೇ. ಅದರಲ್ಲೂ ಮೊದಲನೆಯದು ತಿರುಗಿದ್ದು ಪ್ರತಿ ಸಲವೂ ತಣ್ಣಗಿನಿಂದ ಶುರುವಾಗಿ, ದಟ್ಟಣೆಯಲ್ಲಿ ನಿಂತು ನಿಂತು. ಇದರಿಂದ ಹೆಚ್ಚು ಓಡಿದ ಕಾರೇ ಮೇಲೆಂದು ನಾನು ಹೇಳುತ್ತಿಲ್ಲ. ದೂರದಿಂದಲೇ ಸವೆಯುವ ಭಾಗಗಳೂ ಇವೆ. ಚಕ್ರದ ಬೇರಿಂಗ್, ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್ ಇವು ಗಂಟೆಗಳನ್ನು ಎಣಿಸುವುದಿಲ್ಲ, ದಾಟಿದ ಉಬ್ಬುತಗ್ಗುಗಳನ್ನು ಎಣಿಸುತ್ತವೆ. ಓಡಿಸಿ ನೋಡುವಾಗ ಪ್ರತಿ ಹಂಪಿನಲ್ಲೂ ಮುಂದಿನಿಂದ ಟಕ್ಕೆಂಬ ಸದ್ದು ಬರುತ್ತಿತ್ತು. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಎಡ ಶಾಕ್ ಅಬ್ಸಾರ್ಬರಿನ ಮೇಲೆ ಎಣ್ಣೆಯ ಪಸೆಯಿತ್ತು. ಮೂರನೆಯ ಸಾಲಿನ ಒಂದು ಸೀಟ್ ಬೆಲ್ಟ್ ನಿಧಾನವಾಗಿ ಒಳಸರಿಯುತ್ತಿತ್ತು.

ಮಾರುವವರು ಒಂದು ದಪ್ಪ ಫೈಲ್ ತಂದು ಕೈಗಿತ್ತರು. ಒಂದೊಂದು ಸರ್ವಿಸ್ ಬಿಲ್ಲಿನ ಮೇಲೂ ದಿನಾಂಕ, ಅಂದಿನ ಮೀಟರ್ ಅಂಕಿ; ಎರಡೂ ಒಂದೇ ಕ್ರಮದಲ್ಲಿ ಏರುತ್ತಾ ಹೋಗಿದ್ದವು. ನಾನೂ ಹೆಂಡತಿಯೂ ಮೆಟ್ಟಿಲ ಮೇಲೆ ಕುಳಿತು ಒಂದೊಂದನ್ನೂ ಓದಿದೆವು. ಟೈಮಿಂಗ್ ಬೆಲ್ಟನ್ನು ವಾಟರ್ ಪಂಪಿನೊಂದಿಗೆ 1,18,000ದಲ್ಲಿ ಬದಲಾಯಿಸಲಾಗಿತ್ತು. ಗೇರ್‌ಬಾಕ್ಸ್ ಆಯಿಲ್ 98,000ದಲ್ಲಿ. ಈ ಎರಡನೆಯ ಬಿಲ್ಲನ್ನು ಮೆಕ್ಯಾನಿಕ್ ಎರಡು ಸಲ ಓದಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕಾರಿನ ಆಯುಷ್ಯಪೂರ್ತಿ ಸಾಕೆಂದು ಹೇಳುವ ಕಾರು ಕಂಪನಿಗಳಿವೆ. ಆದರೆ ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಜೆಡ್‌ಎಫ್ ತನ್ನವುಗಳಲ್ಲಿ 80,000ದಿಂದ 1,20,000 ಕಿ.ಮೀ. ಒಳಗೆ ಆಯಿಲ್ ಬದಲಾಯಿಸಲು ಸಲಹೆ ಮಾಡುತ್ತದೆ. ಯಾರೂ ಒತ್ತಾಯಿಸದ ಈ ಕೆಲಸವನ್ನು ಸ್ವಂತ ಹಣದಲ್ಲಿ ಮಾಡಿಸಿದವರು ಉಳಿದದ್ದನ್ನೂ ಅಸಡ್ಡೆ ಮಾಡಿರಲಾರರು ಎಂದು ಅವರಿಗೆ ಅನ್ನಿಸಿತು, ನನಗೂ.

ರಾತ್ರಿ ಊಟವಾದ ಮೇಲೆ ಹೆಂಡತಿ ಮತ್ತೆ ಕಾಗದ ಹಿಡಿದಳು. ಮೊದಲನೆಯ ಕಾರಿಗೆ ನಾಲ್ಕು ಟೈರು, ಬ್ಯಾಟರಿ, ಬೆಲ್ಟ್ ಮತ್ತು ಪಂಪ್, ತುಕ್ಕು ಹಿಡಿದ ಬ್ರೇಕ್ ಡಿಸ್ಕ್, ಎಲ್ಲ ಬಗೆಯ ಆಯಿಲ್ ಸೇರಿ ಮೆಕ್ಯಾನಿಕ್ ಹೇಳಿದ ತಕ್ಷಣದ ಖರ್ಚು, ಅದೇ 100ರ ಲೆಕ್ಕದಲ್ಲಿ, 12. ಮಸಿ ಫಿಲ್ಟರ್ ಬದಲಾಯಿಸಬೇಕಾಗಿ ಬಂದರೆ ಅದು ಬೇರೆ. ಎರಡನೆಯದಕ್ಕೆ ಶಾಕ್ ಅಬ್ಸಾರ್ಬರ್, ಬುಷ್, ಎರಡು ಟೈರು, ಮುಂದಿನ ಬ್ರೇಕ್ ಪ್ಯಾಡ್, ಸೀಟ್ ಬೆಲ್ಟ್ ಸೇರಿ 7. ಹಾಗಾಗಿ ನಿಜವಾದ ಹೋಲಿಕೆ 112ಕ್ಕೂ 77ಕ್ಕೂ. "ಮುಂದೆ ಮಾರೋವಾಗ ಇದಕ್ಕೆ ಏನೂ ಬರೋದಿಲ್ಲವಲ್ಲ" ಎಂದು ನಾನು ಆಕ್ಷೇಪಿಸಿದೆ. ಏಳು ವರ್ಷ ಇಟ್ಟುಕೊಂಡರೆ ಮೀಟರ್ 2,16,000 ತೋರಿಸುತ್ತದೆ, ಆಗ ಕೇಳುವವರು ವಿರಳ. "ಏಳು ವರ್ಷ ಆದಮೇಲೆ ಆ 46,000ದ ಕಾರಿಗೂ ಹದಿನೈದು ವರ್ಷ ಆಗಿರುತ್ತೆ. ಅದನ್ನಾದರೂ ಯಾರು ಕೇಳ್ತಾರೆ?" ಎಂದಳು. ಉಳಿಯುವ 35ರಲ್ಲಿ 15ನ್ನು ಬೇರೆ ಖಾತೆಯಲ್ಲಿಟ್ಟು, ಟರ್ಬೊ, ಇಂಜೆಕ್ಟರ್‌ಗಳಂಥ ದೊಡ್ಡ ಖರ್ಚು ಬಂದರೆ ಅದರಿಂದಲೇ ಭರಿಸುವುದು, ಮನೆಖರ್ಚಿನ ಹಣವನ್ನು ಮುಟ್ಟುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆವು. ನನ್ನ ಪಾಲಿಗೆ ಆ ಖಾತೆಯೇ ಈ ವ್ಯವಹಾರದ ಜೀವಾಳವಾಗಿತ್ತು. ಕಾರಿಗೇ ಇದ್ದ ಹಣವನ್ನೆಲ್ಲ ಸುರಿದು ಕೈ ಬರಿದು ಮಾಡಿಕೊಂಡಿದ್ದರೆ 46,000ದ ಗಾಡಿಯ ಒಂದು ಫಿಲ್ಟರ್ ಕೂಡ ನಮ್ಮನ್ನು ಸಾಲಕ್ಕೆ ದೂಡುತ್ತಿತ್ತು.

ಎರಡು ವರ್ಷ ಕಳೆದಿವೆ. ಮೊದಲ ತಿಂಗಳಲ್ಲೇ ಅಂದುಕೊಂಡ ರಿಪೇರಿಗಳಾದವು, ಹಂಪಿನ ಸದ್ದು ನಿಂತಿತು. ಐದನೆಯ ತಿಂಗಳಿನಲ್ಲಿ ವೇಗ 60 ದಾಟಿದರೆ ಬಲಗಡೆಯಿಂದ ಗುಂಯ್ಗುಡುವ ಸದ್ದು ಶುರುವಾಯಿತು. ಅದು ಹಿಂದಿನ ಚಕ್ರದ ಬೇರಿಂಗ್, ನಮ್ಮ ಪಟ್ಟಿಯಲ್ಲಿರಲಿಲ್ಲ. ಕಳೆದ ವರ್ಷ ಒಂದು ಇಂಜೆಕ್ಟರ್ ಸೋರಿತು. ಎರಡಕ್ಕೂ ಸೇರಿ ಖಾತೆಯ 15ರಲ್ಲಿ 4 ಖರ್ಚಾಗಿದೆ. ಟ್ಯಾಂಕಿನಿಂದ ಟ್ಯಾಂಕಿಗೆ ಬರೆದಿಟ್ಟ ಲೆಕ್ಕದಲ್ಲಿ ಮೈಲೇಜ್ 13.6 ಬರುತ್ತಿದೆ, ಹೆದ್ದಾರಿಯಲ್ಲಿ ವೇಗವನ್ನು 80ರ ಆಸುಪಾಸಿನಲ್ಲಿಟ್ಟರೆ ಇನ್ನಷ್ಟು ಮೇಲೆ. ಗಾಡಿ ಎತ್ತರವಾದಷ್ಟೂ ಗಾಳಿಯ ತಡೆ ಹೆಚ್ಚು, ಆ ತಡೆ ವೇಗದ ವರ್ಗದ ಪ್ರಮಾಣದಲ್ಲಿ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುತ್ತದೆ ಎಂಬುದನ್ನು ನಮ್ಮ ಪುಸ್ತಕದ ಅಂಕಿಗಳಲ್ಲೇ ಕಾಣಬಹುದು.

ಹಿಂದಿನ ಮಾಲೀಕರ ಫೈಲಿನಲ್ಲಿ ಈಗ ನಮ್ಮ ಬಿಲ್ಲುಗಳೂ ಸೇರಿವೆ. ಮೀಟರ್ 1,56,000 ದಾಟಿದೆ. 1,90,000ದ ಹೊತ್ತಿಗೆ ಗೇರ್‌ಬಾಕ್ಸ್ ಆಯಿಲ್ ಮತ್ತೆ ಬದಲಾಗಬೇಕೆಂದು ಹೆಂಡತಿ ಫೈಲಿನ ಒಳರಟ್ಟಿನ ಮೇಲೆ ಬರೆದಿದ್ದಾಳೆ. ಮೊನ್ನೆ ತಂಗಿಯ ಮನೆಯಿಂದ ಹೊರಡುವಾಗ ಅಪ್ಪ ಯಾರಿಗೂ ಕಾಯದೆ ಬಾಗಿಲ ಹಿಡಿಕೆ ಹಿಡಿದು ಪಕ್ಕಕ್ಕೆ ಜರುಗಿ ತಾವೇ ಕುಳಿತು, ಉಳಿದವರು ಬರುವ ಮೊದಲೇ ಸೀಟ್ ಬೆಲ್ಟ್ ಹಾಕಿಕೊಂಡಿದ್ದರು.